ಡ್ರಿಲ್ ಮೇಷ್ಟ್ರೂ ರೇಷ್ಮೆ ದಾರವೂ

ಕೊಳ್ಳೇಗಾಲದ ನಮ್ಮ ಹೈಸ್ಕೂಲಿನಲ್ಲಿ ಪಾಠ ನಡೆಯದ ದಿನಗಳು ಬೇಕಾದಷ್ಟಿದ್ದವು, ಡ್ರಿಲ್ ಮೇಷ್ಟ್ರು ನಗಿಸದ ದಿನ ಮಾತ್ರ ಇರಲಿಲ್ಲ. ಕನ್ನಡ ಪಂಡಿತನಾಗಿದ್ದ ನನಗೆ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ. ಪ್ರಾಯದಲ್ಲಿ ತಾವು ಆಡದ ಆಟವೇ ಇಲ್ಲ ಎನ್ನುತ್ತಿದ್ದರು: ಕ್ರಿಕೆಟ್, ಫುಟ್‌ಬಾಲ್, ಟೆನ್ನಿಸ್, ಕುಸ್ತಿ, ಈಜು, ಓಟ. ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವರಿಗೆ ಬಹಳ ಅನುಕೂಲವಾಗಿತ್ತು.

೧. ಸಿಕ್ಸರ್

ಬಿಳಿಯರ ಕಾಲದಲ್ಲಿ ಕೊಯಮತ್ತೂರಿನಲ್ಲಿ ಕಲೆಕ್ಟರ್ ಬಂಗಲೆ ದಾಟಿಸಿ ಸಿಕ್ಸರ್ ಹೊಡೆದದ್ದು ಅವರ ಅಚ್ಚುಮೆಚ್ಚಿನ ಕಥೆ. ೧೯೫೬ರಲ್ಲಿ ರಾಜ್ಯಗಳ ವಿಂಗಡಣೆಯಾಗಿ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿತು. ಮಾರನೆಯ ವಾರವೇ ಆ ಸಿಕ್ಸರ್ ಮೈಸೂರಿನ ಮೈದಾನಕ್ಕೆ ಬಂದುಬಿಟ್ಟಿತು!

"ಮೇಷ್ಟ್ರೆ, ಅದು ಕೊಯಮತ್ತೂರಿನದಲ್ಲವೆ?" ಎಂದೆ.

"ತಾಲ್ಲೂಕೇ ಅತ್ಲಾಗಿಂದ ಇತ್ಲಾಗ್ ಬಂದದೆ ಪಂಡಿತ್ರೆ, ಒಂದು ಚೆಂಡು ಬರಬಾರ್ದಾ?"

೨. ಈಜು

ಯಳಂದೂರಿಗೆ ಪಂದ್ಯಕ್ಕೆ ಹೋಗಿದ್ದಾಗ ಸುವರ್ಣಾವತಿ ಹೊಳೆ ತೋರಿಸಿ, ಈಜಿ ಎಂದೆವು. ನೀರು ಮೊಣಕಾಲುದ್ದ ಇತ್ತು. "ನನ್ ಈಜಿಗೆ ಇದು ಸಾಲಕ್ಕಿಲ್ಲ" ಎಂದರು. ಸರಿ, ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿಯುವಾಗ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆವು.

ಬಹಳ ಹೊತ್ತು ನೋಡಿ, "ಇಷ್ಟು ನೀರಲ್ಲಿ ನಾನ್ ಈಜುದ್ರೆ ನಿಮ್ಗೆ ಕಾಣ್ಬೇಕಲ್ಲ?" ಎಂದು ಕೊಡೆ ಬಿಚ್ಚಿ ಮನೆಗೆ ನಡೆದರು.

೩. ಓಟ

ಕೊನೆಗೆ ಅವರ ರಿಟೈರ್‌ಮೆಂಟ್ ಬಂತು. ಮನೆಯಲ್ಲಿ ಇನ್ನೂ ಓದುವ ಮಕ್ಕಳು. ಒಂದು ವರ್ಷ ಎಕ್ಸ್‌ಟೆನ್ಷನ್ ಕೊಡಿ ಎಂದು ಕೇಳಿಕೊಂಡರು. ನಮ್ಮ ಶಾಲಾ ಕಮಿಟಿಯ ಅಧ್ಯಕ್ಷರು ರೇಷ್ಮೆ ಸೀರೆ ವ್ಯಾಪಾರಿ. ಆ ಕೆಲಸಕ್ಕೆ ಹನೂರಿನಲ್ಲಿದ್ದ ತಮ್ಮ ಭಾವಮೈದನನ್ನು ಆಗಲೇ ಗೊತ್ತುಮಾಡಿದ್ದರು. ಆದರೂ ನ್ಯಾಯವಂತರೆನಿಸಿಕೊಳ್ಳುವ ಆಸೆ. "ಸ್ಪೋರ್ಟ್ಸ್ ದಿನ ಇಬ್ರೂ ಓಡಿ, ಗೆದ್ದೋರ್ಗೆ ಕೆಲ್ಸ" ಎಂದರು.

ಗುರಿಯ ಹತ್ತಿರ ಅಡ್ಡ ಹಿಡಿಯಲು ನೂಲಿನ ದಾರ ತಂದಿದ್ದೆವು. ಅಧ್ಯಕ್ಷರು ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಸೀರೆ ಕೊಳ್ಳುವ ಪರವೂರ ವ್ಯಾಪಾರಿಗಳು ಕೂತಿದ್ದರು. ಅವರ ಕಣ್ಣಿಗೆ ಬೀಳಲೆಂದು ಅಧ್ಯಕ್ಷರು ತಮ್ಮ ಮಗ್ಗದ ಹುರಿ ರೇಷ್ಮೆಯನ್ನೇ ಕಟ್ಟಿಸಿದರು, ಎರಡು ಗೂಟಕ್ಕೆ, ಬಿಗಿಯಾಗಿ.

ಡ್ರಿಲ್ ಮೇಷ್ಟ್ರು ಓಡಿದರು ನೋಡಿ! ಇಷ್ಟು ವರ್ಷ ಗೇಲಿ ಮಾಡಿದ ನಾನೇ ಎದ್ದು ನಿಂತು ಕೂಗಿದೆ. ಭಾವಮೈದ ಎಲ್ಲೋ ಹಿಂದೆ ಏದುಸಿರು ಬಿಡುತ್ತಿದ್ದ. ಮೇಷ್ಟ್ರು ಎದೆಯೊಡ್ಡಿ ದಾರಕ್ಕೆ ನುಗ್ಗಿದರು. ದಾರ ಕಿತ್ತು ಬರಲಿಲ್ಲ, ಮೇಷ್ಟ್ರೇ ಹಿಂದಕ್ಕೆ ಬಂದು ಅಂಗಾತ ಬಿದ್ದರು. ಭಾವಮೈದ ನಿಧಾನವಾಗಿ ಬಂದು, ಬಗ್ಗಿ, ದಾರದ ಕೆಳಗೆ ನುಸುಳಿ ಗೆರೆ ದಾಟಿದ.

"ಒಂದು ದಾರ ಕೀಳಕ್ಕಾಗ್ದೋರು ಎಂಥಾ ಆಟಗಾರ್ರೀ?" ಎಂದು ಅಧ್ಯಕ್ಷರು ನಕ್ಕರು.

ಮೇಷ್ಟ್ರು ಮಣ್ಣು ಕೊಡವಿಕೊಂಡು ಎದ್ದು, ದಾರ ಬಿಚ್ಚಿ ಅಧ್ಯಕ್ಷರ ಕೈಗಿಟ್ಟರು. "ನೀವೇ ಕಿತ್ ತೋರ್ಸಿ ಸಾ. ಕಿತ್ತೋದ್ರೆ ನಾನು ಸೋತೆ ಅಂತ ಮನೆಗೋಯ್ತೀನಿ."

ಅಧ್ಯಕ್ಷರು ಉತ್ಸಾಹದಿಂದ ಎರಡೂ ಕೈಗೆ ದಾರ ಸುತ್ತಿಕೊಂಡರು. ಆಮೇಲೆ ಮುಂದಿನ ಸಾಲು ಕಣ್ಣಿಗೆ ಬಿತ್ತು. ಕಿತ್ತುಹೋದರೆ ರೇಷ್ಮೆ ಕಳಪೆ ಎಂದಾಗುತ್ತದೆ, ಕೀಳದಿದ್ದರೆ ಮೇಷ್ಟ್ರು ಗೆದ್ದ ಹಾಗೆ.

"ಎಳೀರಿ ಸಾ, ವ್ಯಾಪಾರಿಗಳು ನೋಡ್ತಾವ್ರೆ."

ಅಧ್ಯಕ್ಷರು ಮೆಲ್ಲಗೆ ದಾರ ಬಿಡಿಸಿ ಜೇಬಿಗೆ ಹಾಕಿಕೊಂಡು, ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದರು. "ಒಂದು ವರ್ಷ ತಾನೆ? ತಕಳಿ."

"ಒಂದು, ಓಡಿ ಗೆದ್ದಿದ್ಕೆ ಸಾ," ಎಂದರು ಮೇಷ್ಟ್ರು. "ಬಿದ್ದಿದ್ಕೆ ಇನ್ನೊಂದು ಕೊಡಿ. ನಿಮ್ ರೇಷ್ಮೆಗೆ ಇಷ್ಟು ಒಳ್ಳೆ ಪ್ರಚಾರ ಬೇರೆ ಯಾರ್ ಮಾಡ್ಕೊಟ್ಟಾರು?"