ಭಾವನ ಮೈಸೂರು ಕೊಳ್ಳೇಗಾಲದಲ್ಲಿತ್ತು

ನಮ್ಮ ಭಾವ ಹೋದ ವರ್ಷವೆಲ್ಲ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕೊಳ್ಳೇಗಾಲದಲ್ಲಿ ತಿಂಡಿ ತಿಂದು, ಒಂಬತ್ತೂಕಾಲಿಗೆ ಮೈಸೂರಿನಲ್ಲಿ ಕೆಲಸಕ್ಕೆ ಕೂರುತ್ತಿದ್ದರು. ನಡುವೆ ಬಸ್ಸೂ ಇಲ್ಲ, ಕಾರೂ ಇಲ್ಲ! ಯೋಗಸಿದ್ಧಿಯೇ ಎಂದು ಕೇಳಬೇಡಿ. ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿದ ಈ ಮಹಾನುಭಾವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೂ ಮಂಡಿ ಬಗ್ಗುವುದಿಲ್ಲ. ಅವರು ಮಾಡುತ್ತಿದ್ದುದು ಶುದ್ಧ ಕಳ್ಳಾಟ.

ಆಫೀಸಿಗೆ ಒಂದು ಊರು ಹೇಳಿ ಇನ್ನೊಂದು ಊರಲ್ಲಿ ಕೂತು ಕೆಲಸ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರಂತೆ. ಒಬ್ಬ ಗೋವಾದ ಕಡಲ ದಂಡೆಯಲ್ಲಿ, ಇನ್ನೊಬ್ಬ ಹಿಮಾಲಯದ ಬುಡದಲ್ಲಿ. ಬಚ್ಚಿಟ್ಟರೆ ಅಂಥ ಜಾಗವನ್ನು ಬಚ್ಚಿಡಬೇಕು. ಒಂದೂವರೆ ಗಂಟೆಯ ಬಸ್ಸಿನ ಹಾದಿಯ ಕೊಳ್ಳೇಗಾಲವನ್ನು ಯಾರಾದರೂ ಬಚ್ಚಿಡುತ್ತಾರೆಯೇ?

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕ ನರ್ಸು. ಶಾಗ್ಯದ ಕಡೆ ಆಸ್ಪತ್ರೆಯಲ್ಲಿ ಕೆಲಸ, ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ ಮನೆ. ಭಾವನ ಕಂಪನಿ ಮೈಸೂರಿನಲ್ಲಿ. ಯಾವುದೋ ದೇಶದ ಆಸ್ಪತ್ರೆಗಳ ಕಾಗದಪತ್ರ ತಿದ್ದಿ ಜೋಡಿಸಿ ಕಳಿಸುವ ಕೆಲಸ. ಅವರ ವಾಸ ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ. ಶನಿವಾರ ಸಂಜೆ ಕೊಳ್ಳೇಗಾಲದ ಬಸ್ಸು ಹತ್ತುವುದು, ಸೋಮವಾರ ಬೆಳಿಗ್ಗೆ ವಾಪಸ್ಸು ಬರುವುದು. ಹೀಗೆ ಹದಿನೇಳು ವರ್ಷ.

ಆಮೇಲೆ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದರು. ಆದರೆ ರೋಗಿಗಳ ಗುಟ್ಟಿನ ಕಾಗದ ನೋಡಿ, ಅದಕ್ಕೊಂದು ಕಟ್ಟುನಿಟ್ಟು. ಆಫೀಸಿನ ದಾಖಲೆಯಲ್ಲಿರುವ ವಿಳಾಸದಲ್ಲಿ ಕೂತೇ ಕಂಪನಿಯ ವಿಪಿಎನ್ ಎಂಬ ಖಾಸಗಿ ದಾರಿಯೊಳಗೆ ಹೋಗಬೇಕು. ದಾಖಲೆಯಲ್ಲಿದ್ದದ್ದು ನಮ್ಮ ಮಹಡಿ ಕೋಣೆ. ಭಾವ ಒಂದು ವಾರ ಗಡ್ಡ ಕೆರೆದುಕೊಂಡು ಯೋಚಿಸಿದರು. ಎಂಟನೇ ದಿನ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ನಮ್ಮ ಫ್ರಿಜ್ಜಿನ ಮೇಲಿಟ್ಟು ನಮ್ಮ ಇಂಟರ್ನೆಟ್ಟಿಗೆ ಸಿಕ್ಕಿಸಿದರು.

“ನೋಡವ್ವಾ, ನಾನು ಕೊಳ್ಳೇಗಾಲದಿಂದ ಮೊದ್ಲು ಈ ಡಬ್ಬಿಗೆ ಬತ್ತೀನಿ. ಇಲ್ಲಿಂದ ಆಫೀಸ್ಗೆ ಓಯ್ತೀನಿ. ಅವ್ರಿಗೆ ನಾನು ನಿಮ್ ಮನೇಲೇ ಕುಂತಂಗೆ ಕಾಣ್ತದೆ” ಎಂದರು.

“ಸಿಕ್ಕಿಹಾಕಿಕೊಂಡರೆ?”

“ಡಬ್ಬಿ ಬಾಯಿ ಬಿಡ್ತದಾ?”

ಹೊಟ್ಟೆ ತುಂಬ ಅಕ್ಕಿರೊಟ್ಟಿ ತಿಂದು ಪುಟ್ಟ ಚೀಲ ಹಿಡಿದು ಹೊರಟೇಬಿಟ್ಟರು. ಅವತ್ತಿನಿಂದ ನಾನು ಡಬ್ಬಿಯ ಕಾವಲುಗಾರ್ತಿ. ಬೇರೆಯವರ ಭಾವಂದಿರು ಫೋನ್ ಮಾಡಿದರೆ ಊಟ ಆಯ್ತಾ ಅನ್ನುತ್ತಾರೆ. ನಮ್ಮವರು “ಕರೆಂಟ್ ಅದಾ?” ಅನ್ನುತ್ತಿದ್ದರು. ಮೂರು ದಿನ ಮದುವೆಗೆ ಹೋಗಬೇಕಾದಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, “ಡಬ್ಬಿಯಲ್ಲಿ ಹಸಿರು ದೀಪ ಉರೀತಿದ್ಯಾ ನೋಡ್ತಿರಿ” ಎಂದೆ. ಅವರು ಅದೇನು ವ್ರತ ಎಂದು ಕೇಳಿದರು.

ಅಷ್ಟಕ್ಕೆ ಸುಮ್ಮನಿದ್ದರೆ ಅವರು ನಮ್ಮ ಭಾವ ಹೇಗಾಗುತ್ತಾರೆ? ಮಹಡಿ ಕೋಣೆಯ ನನ್ನ ಹಸಿರು ಪರದೆಯನ್ನು ಬಿಚ್ಚಿಕೊಂಡು ಹೋಗಿ ಕೊಳ್ಳೇಗಾಲದಲ್ಲಿ ವಿಡಿಯೋ ಮೀಟಿಂಗಿಗೆ ಕಾಣುವಂತೆ ಬೆನ್ನ ಹಿಂದೆ ಕಟ್ಟಿದರು. ನಮ್ಮ ಬೀದಿಯ ದಿನಸಿ ಅಂಗಡಿಯ ಕ್ಯಾಲೆಂಡರನ್ನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಫೋನಿನಲ್ಲಿ ಮೈಸೂರಿನ ಹವಾಮಾನ ಓದುವುದು. ಒಂದು ದಿನ ಫೋನು ಮೈಸೂರಿನಲ್ಲಿ ಮಳೆ ಎಂದಿತಂತೆ. ಕೊಳ್ಳೇಗಾಲದ ಸುಡುಬಿಸಿಲಲ್ಲಿ ತಲೆಗೆ ಚೆಂಬು ನೀರು ಸುರಿದುಕೊಂಡು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಮೀಟಿಂಗಿಗೆ ಕೂತು, “ಎಂಥಾ ಮಳೆ ಸಾ!” ಎಂದಿದ್ದಾರೆ. ಅದೇ ಮೀಟಿಂಗಿನಲ್ಲಿದ್ದ ನಿಜವಾದ ಮೈಸೂರಿನವನೊಬ್ಬ ಕಿಟಕಿ ತೆಗೆದು ನೋಡಿ, “ಸರ್, ನಮ್ಮ ಕಡೆ ಬಟ್ಟೆ ಒಣಗ್ತಾ ಇದೆ” ಎಂದನಂತೆ.

ಮಗ್ಗದ ಸದ್ದಿನದು ಇನ್ನೊಂದು ಫಜೀತಿ. ಅಕ್ಕನ ಪಕ್ಕದ ಮನೆಯವರು ರೇಷ್ಮೆ ಸೀರೆ ನೇಯುವವರು. ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್, ಟಕ್ ಟಕ್. ಮೀಟಿಂಗಿನಲ್ಲಿ ಯಾರೋ ಅದೇನು ಶಬ್ದ ಎಂದು ಕೇಳಿದ್ದಕ್ಕೆ ಭಾವ ಬಾಯಿಗೆ ಬಂದದ್ದು ಹೇಳಿದರು: ಮನೆಯಲ್ಲಿ ಮರಗೆಲಸ ನಡೀತಿದೆ. ಹೇಳಿದ ಮೇಲೆ ನಡೆಸಲೇಬೇಕಲ್ಲ! ಮರಗೆಲಸ ಹನ್ನೊಂದು ತಿಂಗಳು ನಡೆಯಿತು. ಕೊನೆಗೆ ಸಹೋದ್ಯೋಗಿಯೊಬ್ಬ, “ಸರ್, ಗೃಹಪ್ರವೇಶಕ್ಕೆ ಕರೀರಿ, ಆ ಅರಮನೆ ನಾನೂ ನೋಡಬೇಕು” ಎಂದನಂತೆ.

ಅಕ್ಕ ಮೊದಲಿನಿಂದಲೂ ಇದಕ್ಕೆ ವಿರುದ್ಧ. “ಇರೋ ಕೆಲ್ಸ ಕಳ್ಕಂಡು ಕುಂತ್ಕತೀರಿ. ಈ ವಯ್ಸಲ್ಲಿ ಯಾರು ಕೊಟ್ಟಾರು ನಿಮ್ಗೆ ಇನ್ನೊಂದು ಕೆಲ್ಸವ? ಎದ್ದು ಮೈಸೂರ್ಗೋಗಿ” ಎಂದು ದಿನಾ ಬೈಯುತ್ತಿದ್ದಳು. ಬೈಯುತ್ತಲೇ ಇಬ್ಬರಿಗೂ ಮುದ್ದೆ ತೊಳಸುತ್ತಿದ್ದಳು.

ಕಡೆಗೂ ಭಾವನನ್ನು ಸಿಕ್ಕಿಹಾಕಿಸಿದವಳು ನಮ್ಮಮ್ಮ. ಅಮ್ಮ ನನ್ನ ಜೊತೆಯಲ್ಲೇ ಇರುವುದು. ಆಯುಧಪೂಜೆಯ ದಿನ ಪರದೇಶದ ಆಸ್ಪತ್ರೆಗಳ ಕೆಲಸಕ್ಕೆಲ್ಲಿ ರಜೆ? ಭಾವನಿಗೆ ಕೆಲಸವಿತ್ತು. ನಾನು ಬೂದುಗುಂಬಳ ತರಲು ಮಾರುಕಟ್ಟೆಗೆ ಹೋಗಿದ್ದೆ. ಅಮ್ಮ ಮನೆಯ ಈಳಿಗೆ, ಹೊಲಿಗೆ ಮಿಷನ್ನು, ಮಿಕ್ಸಿ ಎಲ್ಲ ಒರೆಸಿಟ್ಟು, ಫ್ರಿಜ್ಜಿನ ಮೇಲೆ ನೋಡಿದರೆ ಅಳಿಯಂದಿರ ಆಯುಧ! ಬಿಟ್ಟಾಳೆಯೇ? ಪ್ಲಗ್ಗು ಕಿತ್ತು, ಒರೆಸಿ, ಮೂರು ಪಟ್ಟೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿ ಮಿಕ್ಸಿಯ ಪಕ್ಕ ಕೂರಿಸಿದಳು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟಿ ಕೆಲಸ ಮಾಡಿಸಬಾರದು ಎಂಬುದು ನಮ್ಮ ಮನೆಯ ಪದ್ಧತಿ. ನಾನು ಬಂದು ಬಾಯಿ ಬಡಿದುಕೊಂಡರೂ ಕೇಳಲಿಲ್ಲ.

“ವರ್ಸೆಲ್ಲ ದುಡಿತದೆ. ಒಂದಿನ ಅದೂ ಸುಧಾರಿಸ್ಕಳ್ಲಿ ಬುಡು” ಎಂದಳು.

ಅಷ್ಟರಲ್ಲಿ ಭಾವ ನನಗೆ ಹದಿನಾಲ್ಕು ಸಲ ಫೋನ್ ಮಾಡಿದ್ದರು. ಮಾರುಕಟ್ಟೆಯ ಗದ್ದಲದಲ್ಲಿ ಒಂದೂ ಕೇಳಿಸಿರಲಿಲ್ಲ. ಕೆಲಸ ಕಳಿಸುವ ಹೊತ್ತು ಮೀರುತ್ತಿತ್ತು. ಒಂದು ಗಂಟೆ ತಾನೇ ಎಂದು ಡಬ್ಬಿಯ ಹಂಗಿಲ್ಲದೆ ತಮ್ಮ ಮೊಬೈಲಿನ ಇಂಟರ್ನೆಟ್ಟಿನಿಂದಲೇ ಆಫೀಸಿನೊಳಗೆ ಹೋದರು. ಕೊಳ್ಳೇಗಾಲ ತಮಿಳುನಾಡಿನ ಗಡಿಗೆ ಹತ್ತಿರ ಅಲ್ಲವೇ? ಆ ಮೊಬೈಲಿನ ಇಂಟರ್ನೆಟ್ಟು ಅದ್ಯಾವ ದಾರಿ ಹಿಡಿದು ಹೋಯಿತೋ ಶಿವನೇ ಬಲ್ಲ. ಮಾರನೆಯ ದಿನ ಆಫೀಸಿನಿಂದ ಪತ್ರ ಬಂತು: ನೀವು ಕೊಯಮತ್ತೂರಿನಲ್ಲಿ ಏನು ಮಾಡುತ್ತಿದ್ದೀರಿ?

ಭಾವ ಕೊಯಮತ್ತೂರನ್ನು ಜನ್ಮದಲ್ಲಿ ನೋಡಿದವರಲ್ಲ. “ನಾನಲ್ಲಿರ್ನಿಲ್ಲ ಅಂತ ದೇವ್ರಾಣೆ ಮಾಡ್ಬೌದು ಕಣವ್ವಾ. ಎಲ್ಲಿದ್ದೆ ಅಂತ ಮಾತ್ರ ಯೋಳಂಗಿಲ್ಲ” ಎಂದು ತಲೆ ಮೇಲೆ ಕೈಹೊತ್ತರು. ಎರಡು ದಿನ ಬಿಟ್ಟು ಮೇಲಧಿಕಾರಿ ಮೇಡಂ ಜೊತೆ ವಿಚಾರಣೆ. ಕೆಲಸ ಉಳಿಯುವುದೇ ಅನುಮಾನ. ಉಳಿದರೂ ಮತ್ತೆ ಮಹಡಿ ಕೋಣೆ, ಶನಿವಾರದ ಬಸ್ಸು.

ನಾನು ಅಪರಾಧಿಯ ಕಡೆಯ ಸಾಕ್ಷಿಯಂತೆ ವಿಭೂತಿ ಸಮೇತ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಕೊಳ್ಳೇಗಾಲಕ್ಕೆ ಹೋದೆ. ಅಕ್ಕ ಡ್ಯೂಟಿಗೆ ಹೋಗಿದ್ದಳು. ಭಾವ ನಾಲ್ಕು ಬಗೆಯ ಸುಳ್ಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತಿದ್ದರು. ಮೇಡಂ ವಿಡಿಯೋದಲ್ಲಿ ಬಂದು ಕೇಳಿದ್ದು ಒಂದೇ ಮಾತು: “ಸರ್, ನೀವು ಈಗ ಎಲ್ಲಿದ್ದೀರಿ?”

ಭಾವ ಚೀಟಿ ನೋಡಿದರು, ನನ್ನ ಮುಖ ನೋಡಿದರು. “ಕೊಳ್ಳೇಗಾಲ ಮೇಡಂ. ಹನ್ನೊಂದು ತಿಂಗಳಿಂದ ಇಲ್ಲೇ ಇವ್ನಿ” ಎಂದುಬಿಟ್ಟರು. ಮೇಡಂ, ಮಾಡಿದ್ದು ತಪ್ಪು, ನಿಮ್ಮಂಥ ಹಳಬರು ಹೀಗೆ ಮಾಡಬಾರದಿತ್ತು ಎಂದು ನಿಧಾನವಾಗಿಯೇ ಹೇಳಿದರು. ವಿಳಾಸ ಬದಲಾವಣೆಗೆ ಒಂದು ಅರ್ಜಿ ಇದೆ, ತುಂಬಿ ಕಳಿಸಿ, ಮೇಲಿನವರು ಒಪ್ಪದಿದ್ದರೆ ಸೋಮವಾರದಿಂದ ಆಫೀಸಿಗೇ ಬರಬೇಕು ಎಂದರು.

ಅರ್ಜಿಯಲ್ಲಿ ಒಂದು ಕಲಂ: ವಿಳಾಸ ಬದಲಿಸಲು ಕಾರಣ. ನಾನು ಚುರುಕಾದೆ. “ಭಾವ, ಆರೋಗ್ಯ ಸರಿಯಿಲ್ಲ ಅಂತ ಬರೀರಿ. ಇಲ್ಲಾ ಮಂಡಿನೋವು ಅಂತ ಹಾಕಿ, ನಿಮಗೆ ನಿಜವಾಗಲೂ ಇದೆ.”

“ಸಾಕು ಕಣವ್ವಾ” ಎಂದರು. ಮಳೆ ಬರಿಸಿದ, ಅರಮನೆ ಕಟ್ಟಿದ ಮನುಷ್ಯ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ, ಇಂಗ್ಲಿಷಿನಲ್ಲಿ ನಾಲ್ಕು ಪದ ಬರೆದರು. ನನ್ನ ಹೆಂಡತಿ ಇಲ್ಲಿದ್ದಾಳೆ. ಅಷ್ಟೇ.

ಶುಕ್ರವಾರ ಮಧ್ಯಾಹ್ನ ಒಪ್ಪಿಗೆ ಬಂತು. ಭಾವ ಆ ಅರ್ಜಿಯನ್ನೂ ಒಪ್ಪಿಗೆಯನ್ನೂ ಫೋಟೋ ತೆಗೆದು ಅಕ್ಕನಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಅಕ್ಕ ನನಗೆ ಫೋನ್ ಮಾಡಿದಳು.

“ನೋಡ್ದೇನೇ ನಿಮ್ ಭಾವ ಬರ್ದಿರಾದ? ಆಫೀಸ್ನೋರೆಲ್ಲ ಓದೋ ಕಾಗ್ದದಲ್ಲಿ ಇಂಗಾ ಬರೆಯೋದು? ನಾಚ್ಕೆ ಆಯ್ತದೆ ನಂಗೆ” ಎಂದು ಬೈದಳು. ಬೈಯುತ್ತಾ ಬೈಯುತ್ತಾ ಅವಳ ದನಿ ಒಡೆಯಿತು.

“ಹದ್ನೇಳ್ ವರ್ಸದಲ್ಲಿ ನನ್ ತಾವು ಒಂದ್ಸಲನೂ ಯೋಳ್ನಿಲ್ಲ ಕಣೇ ಇದ್ನ.”