ಮೂಡಲಗಿ ಕಾಕಿ ಸ್ಟೀಮರು ಹತ್ತಿದ್ದು

ಒಂದು ಹರಗೋಲು, ಒಂದು ದೋಣಿ, ಒಂದು ಸ್ಟೀಮರು. ಎರಡೇ ದಿನದಲ್ಲಿ ಮೂರನ್ನೂ ಹತ್ತಿದೆ. ಯಾವುದರಲ್ಲಿ ನನ್ನ ಜೀವ ಬಾಯಿಗೆ ಬಂತು, ಹೇಳಿ ನೋಡೋಣ? ಹರಗೋಲು ಅಂತೀರಿ. ಎಲ್ಲರೂ ಹಾಗೇ ಅನ್ನುತ್ತಾರೆ, ಎಲ್ಲರದೂ ತಪ್ಪು. ಇರಲಿ, ಅವಸರವಿಲ್ಲ. ಪೆನ್ಶನ್ನಿನವನಿಗೆ ವೇಳೆಗೇನು ಬರ? ನೀರಿನ ಮೇಲೆ ಕಾಲಿಟ್ಟರೆ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತರೂ ಆಗುತ್ತದೆ.

ಯುದ್ಧ ನಡೆದಿದ್ದ ಕಾಲ. ಮೂಡಲಗಿಯ ನಮ್ಮ ಕಾಕಿ ತನ್ನ ಒಬ್ಬಳೇ ಮಗಳನ್ನು ರತ್ನಾಗಿರಿಗೆ ಕೊಟ್ಟಿದ್ದಳು. ಮಗಳು ಚೊಚ್ಚಲ ಬಸುರಿ. ತವರಿಗೆ ಕರೆತರಬೇಕಾದದ್ದು ಪದ್ಧತಿ. ಆದರೆ ಅಲ್ಲಿಯ ಡಾಕ್ಟರು ಆಕೆಯನ್ನು ಹಾಸಿಗೆಯಿಂದ ಅಲ್ಲಾಡಿಸಕೂಡದು ಎಂದುಬಿಟ್ಟಿದ್ದ. ದಿನಗಳು ತುಂಬಿದ್ದವು. ಸರಿ, ತವರೇ ಅಲ್ಲಿಗೆ ಹೋಗಬೇಕು! ಕಾಕಾನಿಗೆ ಮೊಣಕಾಲು ಬೇನೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಗೋಕಾಕದ ಮನೆಯಲ್ಲಿ ಕಾಲು ಚಾಚಿ ಕೂತಿದ್ದ ನನ್ನ ತಲೆಗೆ ಬಂತು.

"ಕಲತಾಂವ ಅದೀ, ಇಂಗ್ಲಿಷ್ ಬರತೈತಿ. ಹೆರಿಗಿ ಆಗೂದರೊಳಗ ನಿಮ್ಮ ಕಾಕೀನ ಮುಟ್ಟಿಸಿ ಬಾ" ಅಂದರು ಕಾಕಾ.

ಇಂಗ್ಲಿಷು ಬರುತ್ತಿತ್ತು. ಈಜು ಬರುತ್ತಿರಲಿಲ್ಲ.

ಹರಗೋಲು

ಮೂಡಲಗಿಯಿಂದ ಕಾಕಿಯನ್ನು ಕರೆದುಕೊಂಡು ಗೋಕಾಕದ ಕಡೆ ಹೊರಟರೆ ಘಟಪ್ರಭೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಹರಗೋಲು ಹತ್ತಿದೆವು. ಹತ್ತಿದ್ದೇ ತಡ, ಅದು ಬೀಸುವ ಕಲ್ಲಿನಂತೆ ಗರಗರ ತಿರುಗತೊಡಗಿತು. ಗೋಕಾಕ ಒಮ್ಮೆ ಮುಂದೆ, ಒಮ್ಮೆ ಹಿಂದೆ. ನಾನು ಕಣ್ಣು ಮುಚ್ಚಿ ಕೂತೆ.

ಕಾಕಿಗೆ ಹೆದರಿಕೆಯೆಂಬುದೇ ಇಲ್ಲ. "ಏ ಅಂಬಿಗಾ, ಇದು ಯಾಕ ಹಿಂಗ ತಿರಗತೈತೋ?"

"ದುಂಡಗೈತಿ, ತಿರಗತೈತಿ ಅವ್ವಾ. ತಿರಗಲಿ ಬಿಡ್ರಿ, ಮುಳಗೂದಕಿಂತ ಚಲೋ."

ಈ ಮಾತಿನಿಂದ ನನಗೆ ಏನೂ ಧೈರ್ಯ ಬರಲಿಲ್ಲ. ನಡುಹೊಳೆಯಲ್ಲಿ ಒಂದು ಕಣ್ಣು ತೆರೆದು, "ನಿನಗ ಈಜು ಬರತೈತಿ, ಹೌದಲ್ಲೋ?" ಎಂದು ಕೇಳಿದೆ.

ಅಂಬಿಗ ಹುಟ್ಟು ಹಾಕುವುದನ್ನೇ ನಿಲ್ಲಿಸಿ ನನ್ನನ್ನು ನೋಡಿದ. "ಈಜು ಬಂದಿದ್ದರ ಇದರಾಗ ಯಾಕ ಕೂಡ್ತಿದ್ನಿರಿ?"

ದೋಣಿ

ಬೆಳಗಾವಿಗೆ ಬಂದು, ಅಲ್ಲಿಂದ ಘಟ್ಟ ಇಳಿದು ವೆಂಗುರ್ಲೆ ಮುಟ್ಟಿದೆವು. ಸ್ಟೀಮರು ದಂಡೆಗೆ ಬರುವುದಿಲ್ಲ, ಸೊಕ್ಕಿನ ಅಳಿಯನ ಹಾಗೆ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಸಣ್ಣ ದೋಣಿಯಲ್ಲಿ ಹೋಗಬೇಕು. ನನ್ನ ಬಾಜೂಕ್ಕೆ ಹುಕ್ಕೇರಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ತನ್ನ ಚೀಲಗಳ ಮೇಲೆ ಗಾದಿ ಹಾಕಿದಂತೆ ಕೂತಿದ್ದರು. ಇದು ಅವರ ಐದನೇ ಪ್ರಯಾಣ. ಕಾಕಿ ಕೊಟ್ಟ ಚಕ್ಕುಲಿ ತಿನ್ನುತ್ತ ನನಗೆ ಸ್ಟೀಮರುಗಳ ಗುಣದೋಷ ವಿವರಿಸಿದರು.

"ಇದೇನ್ ಸ್ಟೀಮರ್ರಿ! ಹೋದ ವರ್ಷದ್ದು ನೋಡಬೇಕಿತ್ತು ನೀವು, ಅಗದಿ ಬೇಷ್. ಅದು ಉದ್ದಕ್ಕ ತೂಗತಿತ್ತು. ಇದು ಅಡ್ಡಕ್ಕ ತೂಗತೈತಿ."

"ಅದರಾಗ ಏನ್ ಫರಕ್ ಐತ್ರಿ?"

"ಭಾಳ ಐತ್ರಿ! ಉದ್ದಕ್ಕ ತೂಗಿದ್ರ ಉಂಡದ್ದು ಸಾವಕಾಶ ಮ್ಯಾಲ ಬರತೈತಿ, ನಾವು ಎದ್ದು ಹೋಗಿ ಅಂಚಿನ ಕಟಾಂಜನ ಹಿಡಕೊಬಹುದು. ಅಡ್ಡಕ್ಕ ತೂಗಿತಂದ್ರ ಬಾಜೂದವರಿಗೆ ಹೇಳಾಕ ಸೈತ..."

ಅಷ್ಟರಲ್ಲಿ ಒಂದು ತೆರೆ ಬಂದು ದೋಣಿಯನ್ನು ಅಡ್ಡಕ್ಕೆ ತೂಗಿತು. ನಾನು "ಅಯ್ಯೋ" ಎಂದು ಅವರ ಕೊರಳಿಗೇ ಜೋತುಬಿದ್ದೆ.

ಅವರ ಮಾತು ಅಕ್ಷರಶಃ ಖರೆ. ಹೇಳಲು ಅವರಿಗೆ ವೇಳೆ ಸಿಗಲಿಲ್ಲ. ನನ್ನ ಹೊಸ ಕೋಟಿನ ಗತಿ ಕೇಳಬೇಡಿ.

ಸ್ಟೀಮರು

ಸ್ಟೀಮರು ಹತ್ತಿದಾಗ ಎಷ್ಟು ಹಾಯೆನಿಸಿತು! ಮನೆಯಷ್ಟು ದೊಡ್ಡದು, ಗಟ್ಟಿಯಾದ ಕಬ್ಬಿಣದ್ದು, ತಿರುಗುವುದಿಲ್ಲ. ಇನ್ನು ಭಯವಿಲ್ಲ, ಸಂಜೆಯೊಳಗೆ ರತ್ನಾಗಿರಿ ಎಂದುಕೊಂಡು, ಒಗೆದ ಕೋಟನ್ನು ಬಿಸಿಲಿಗೆ ಹರವಿ ಅಲ್ಲೇ ಒರಗಿದೆ. ಎದುರಿಗೆ ಒಂದು ಹಲಗೆ: ಯುದ್ಧದ ಕಾಲ, ಸಂಶಯದ ಜನ ಕಂಡರೆ ಕೂಡಲೇ ತಿಳಿಸಿರಿ. ಓದಿ, ನನಗೂ ಇದಕ್ಕೂ ಏನು ಸಂಬಂಧ ಎಂದು ಕಣ್ಣು ಮುಚ್ಚಿದೆ.

ನಾವು ಜೈನರು. ಕಾಕಿ ಅರಿವೆಯಲ್ಲಿ ಸೋಸದೆ ಒಂದು ಗುಟುಕು ನೀರು ಕುಡಿದವಳಲ್ಲ. ಸೋಸಿದರೆ ಮುಗಿಯಲಿಲ್ಲ. ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮೆಲ್ಲಗೆ ತೊಳೆದು, ಎಲ್ಲಿಯ ನೀರೋ ಅಲ್ಲಿಗೇ ಮರಳಿ ಬಿಡಬೇಕು. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ಮನೆಯಿಂದ ತಂದ ನೀರು ತೀರಿದ್ದರಿಂದ ಕಾಕಿ ಸ್ಟೀಮರಿನ ಕುಡಿಯುವ ನೀರನ್ನು ಹಿಡಿದು ಸೋಸಿದ್ದಾಳೆ. ಉಳಿದ ಜೀವಗಳನ್ನು ಸಮುದ್ರಕ್ಕೆ ಚೆಲ್ಲಿದರೆ ಉಪ್ಪುನೀರಲ್ಲಿ ಸಾಯುವುದಿಲ್ಲವೇ? ಅದಕ್ಕೆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅತ್ತ ಇತ್ತ ನೋಡಿ, ನೀರಿನ ಟಾಕಿಯ ಮುಚ್ಚಳ ಎತ್ತಿದ್ದಾಳೆ.

ಖಲಾಸಿಯೊಬ್ಬ ಬೊಬ್ಬೆ ಹೊಡೆದಾಗ ನನಗೆ ಎಚ್ಚರ. ನಲವತ್ತು ಮಂದಿಯ ನಡುವೆ ಕಾಕಿ, ಕಾಕಿಯ ಎದುರಿಗೆ ಕ್ಯಾಪ್ಟನ್ನು. ಕಾಕಿಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಮಾತೆಲ್ಲ ಅದರಲ್ಲೇ ನಡೆಯಿತು.

"ಟಾಕಿಯಲ್ಲಿ ಏನು ಹಾಕಿದೆ?"

"ಎಲ್ಲಿ ಹಾಕಾಕ ಬಿಟ್ರಿ? ತಂಬಿಗ್ಯಾಗ ಐತಿ. ಜೀವ ಅದಾವು."

"ಯಾರ ಜೀವ?"

"ಈ ನೀರಾಗಿನ್ವು. ಕಣ್ಣಿಗೆ ಕಾಣಂಗಿಲ್ಲ."

ಜನರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. "ವಿಷ!" ಅಂದ ಒಬ್ಬ. ನಾನು ಓಡಿಹೋಗಿ ಇಂಗ್ಲಿಷಿನಲ್ಲಿ ವಿವರಿಸಲು ನೋಡಿದೆ. ಮೂರು ಸಲ ಸರ್ ಎಂದದ್ದು ಬಿಟ್ಟರೆ ಬಾಯಿಂದ ಏನೂ ಹೊರಡಲಿಲ್ಲ.

ಕ್ಯಾಪ್ಟನ್ನು ತಂಬಿಗೆ ಮುಂದೆ ಹಿಡಿದ. "ವಿಷ ಅಲ್ಲದಿದ್ದರೆ ನೀನೇ ಕುಡಿ."

"ಯವ್ವಾ! ಇಷ್ಟು ಜೀವ ಹೊಟ್ಟ್ಯಾಗ ಹಾಕ್ಕೊಳ್ಳಾಕ ನಾ ಏನ್ ರಾಕ್ಷಸಿ ಏನ್ರಿ? ತಲಿ ಹೋದ್ರೂ ಕುಡ್ಯಾಂಗಿಲ್ಲ!"

ಮುಗಿಯಿತು. ಮುಂದಿನ ಬಂದರಿನಲ್ಲಿ ಇಬ್ಬರನ್ನೂ ಪೊಲೀಸರಿಗೆ ಒಪ್ಪಿಸುವುದೆಂದು ಹುಕುಮಾಯಿತು. ಇಲ್ಲಿ ಲಾಕಪ್ಪಿನಲ್ಲಿ ನಾವು, ಅಲ್ಲಿ ರತ್ನಾಗಿರಿಯಲ್ಲಿ ತಾಯಿಯ ಹಾದಿ ಕಾಯುತ್ತ ನೋವು ತಿನ್ನುವ ಹುಡುಗಿ! ಹರಗೋಲಿನಲ್ಲೂ ನನ್ನ ಜೀವ ಹೀಗೆ ಬಾಯಿಗೆ ಬಂದಿರಲಿಲ್ಲ. ಹುಕ್ಕೇರಿಯವರನ್ನು ತೋರಿಸಿ, "ಇವರನ್ನ ಕೇಳ್ರಿ, ನಮ್ಮ ಕಡೆಯವರು" ಅಂದೆ.

"ಹಂಗ ನೋಡಿದ್ರ ಹುಕ್ಕೇರಿಗೂ ಗೋಕಾಕಕ್ಕೂ ಭಾಳ ದೂರ ಆಗತೈತ್ರಿ" ಅಂದರು ಅವರು, ಮೀಸೆಗೆ ಹತ್ತಿದ ಚಕ್ಕುಲಿ ಪುಡಿ ಒರೆಸಿಕೊಳ್ಳುತ್ತ.

ಇಷ್ಟು ಸಾಲದೆಂದು ಕಾಕಿ ಕ್ಯಾಪ್ಟನ್ನನ ಮುಂದೆ ಎರಡೂ ಕೈ ಜೋಡಿಸಿದಳು. "ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ನೋಡಿದಿರಾ? ಒಪ್ಪಿಕೊಂಡಳು!" ಎಂದು ಕೂಗಿದ ಕ್ಯಾಪ್ಟನ್ನು.

ನಾನು ತಂಬಿಗೆ ಕಸಿದುಕೊಂಡು ಗಟಗಟ ಕುಡಿದುಬಿಟ್ಟೆ.

ಕ್ಯಾಪ್ಟನ್ನು ಗಡಿಯಾರ ತೆಗೆದ. ಕಾಲು ತಾಸು. ನಲವತ್ತು ಜನ ನಾನು ಸಾಯುವುದನ್ನೇ ಕಾಯುತ್ತ ನಿಂತರು. ಅವರ ಮುಖ ನೋಡಿ ನೋಡಿ ನನಗೇ ಸಂಶಯ ಬಂತು. ಹುಕ್ಕೇರಿಯವರು ನನ್ನ ನಾಡಿ ಹಿಡಿದು, "ಇನ್ನೂ ಐತ್ರಿ" ಎಂದು ಮಂದಿಗೆ ತಿಳಿಸುತ್ತಿದ್ದರು.

ಸಾಯಲಿಲ್ಲ. ಕೆಲವರಿಗೆ ತುಸು ನಿರಾಸೆಯಾದಂತಿತ್ತು. ಕ್ಯಾಪ್ಟನ್ನು ನನ್ನ ಬೆನ್ನು ತಟ್ಟಿ ಹೋದ. ಸಂಜೆ ರತ್ನಾಗಿರಿ ಮುಟ್ಟಿದೆವು. ಮಗಳು ತಾಯಿಯ ಕೈ ಹಿಡಿದುಕೊಂಡೇ ಮೂರನೆಯ ದಿನ ಹೆಣ್ಣು ಹೆತ್ತಳು, ಎಲ್ಲ ಸುಖವಾಯಿತು. ಆದರೆ ಕ್ಯಾಪ್ಟನ್ನು ಬೆನ್ನು ತಿರುಗಿಸಿದ ಕೂಡಲೇ ಆದದ್ದನ್ನು ಹೇಳದಿದ್ದರೆ ಕಥೆ ಅರ್ಧವಾದೀತು.

ಕಾಕಿ ಖಲಾಸಿಗೆ ಕೈಮುಗಿದು ಕ್ಷಮೆ ಕೇಳಿದಳು. ಹುಕ್ಕೇರಿಯವರಿಗೂ ಕೇಳಿದಳು, ಅವರು ನಾಚಿ ನೆಲ ನೋಡಿದರು. ಆಮೇಲೆ ನನ್ನ ಬಳಿ ಬಂದು, ಬಗ್ಗಿ, ನನ್ನ ಹೊಟ್ಟೆಗೆ ಕೈಮುಗಿದಳು.

"ಏನ್ ಕಾಕಿ ಇದು?"

"ನಿನಗಲ್ಲೋ ತಮ್ಮಾ, ಒಳಗಿನವಕ್ಕ. ನಮ್ಮ ಸಲುವಾಗಿ ಎಷ್ಟು ಜೀವ ಹ್ವಾದ್ವು!"

"ಅದಿರಲಿ. ಏನೂ ತಪ್ಪು ಮಾಡದ ನೀ ಆ ಕ್ಯಾಪ್ಟನ್ನಗ ಕ್ಷಮಾ ಯಾಕ ಕೇಳಿದಿ? ಜೇಲು ಕಾಣತಿದ್ವಿ!"

ಕಾಕಿ ನನ್ನನ್ನು ಕನಿಕರದಿಂದ ನೋಡಿದಳು. "ಬಿ.ಎ. ಆಗಿ ಇವತ್ತಿನ ದಿನಾನ ಮರತಿ ಏನೋ? ಇವತ್ತ ತಪ್ಪು ಮಾಡಿದವರೂ ಕೇಳಬೇಕು, ಮಾಡದವರೂ ಕೇಳಬೇಕು."

ಖರೆ, ಮರೆತಿದ್ದೆ. ಅಂದು ಭಾದ್ರಪದ ವದ್ಯ ಪಾಡ್ಯ, ಸಕಲ ಜೀವಿಗಳ ಕ್ಷಮೆ ಬೇಡುವ ನಮ್ಮ ಕ್ಷಮಾವಾಣಿಯ ದಿನ.