ಜಪಾನಿ ಚದುರಂಗಕ್ಕೆ ಕಾರ್ಕಳದ ತಿದ್ದುಪಡಿ

ಪುಸ್ತಕ ನಂಬಿ ಮರ್ಯಾದೆ ಕಳೆದುಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಉಡುಪಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಚೆಸ್ ಕಲಿಸಿದವನು ನಾನು. ಮಣಿಪಾಲದ ನಮ್ಮ ಫ್ಲ್ಯಾಟಿನ ಎದುರುಮನೆಗೆ ಜಪಾನಿನ ಸಂಶೋಧಕಿಯೊಬ್ಬರು ಬಂದರು. ಶೋಗಿ ಎಂಬ ಅವರ ದೇಶದ ಚದುರಂಗದಲ್ಲಿ ಪ್ರತಿ ಭಾನುವಾರ ನನ್ನನ್ನು ಚೆನ್ನಾಗಿ ಅರೆದರು. "ಅವರು ಊರಿಗೆ ಹೋಗುವ ಮೊದಲು ಒಂದಾದರೂ ಗೆಲ್ಲುತ್ತೇನೆ" ಎಂದು ಚಹಾದ ಗೆಳೆಯರೆದುರು ಕೊಚ್ಚಿಕೊಂಡೂ ಆಯಿತು. ಇನ್ನು ಕಲಿಯಲು ಪುಸ್ತಕ ಬೇಕಲ್ಲ.

ಅಂಗಡಿಯ ಪುಸ್ತಕ

ಉಡುಪಿಯ ಅಂಗಡಿಯವರಲ್ಲಿ ಕೇಳಿದೆ, "ಜಪಾನಿನ ಚೆಸ್ ಪುಸ್ತಕ ಉಂಟಾ?"

"ಚೆಸ್ ಉಂಟು. ಜಪಾನೂ ಉಂಟು. ಒಟ್ಟಿಗೆ ಇಲ್ಲ," ಎಂದು ಅವರು ಎರಡು ಪುಸ್ತಕ ಮುಂದಿಟ್ಟರು. ಒಂದು ಮಾಮೂಲಿ ಚೆಸ್, ಇನ್ನೊಂದು ಕಾಗದ ಮಡಚಿ ಕೊಕ್ಕರೆ ಮಾಡುವುದು.

"ಕೊಕ್ಕರೆ ಎಂತಕ್ಕೆ?"

"ಸೋತ ಮೇಲೆ ಹೊತ್ತು ಹೋಗಬೇಕಲ್ಲ ಮಾರಾಯ್ರೆ."

ಕೊಕ್ಕರೆ ನನಗೀಗ ಚೆನ್ನಾಗಿ ಬರುತ್ತದೆ.

ಏಳು ದಿನದ ಪುಸ್ತಕ

ಆನ್‌ಲೈನಿನಲ್ಲಿ ತರಿಸಿದ್ದರ ಮುಖಪುಟದಲ್ಲೇ 'ಏಷ್ಯಾದ ಎಲ್ಲ ಚದುರಂಗ ಏಳೇ ದಿನದಲ್ಲಿ' ಎಂದಿತ್ತು. ಕಾಪುವಿನ ಅಕ್ಕನ ಮನೆಯಲ್ಲಿ ಏಳು ದಿನ ಕೂತು ಬಾಯಿಪಾಠ ಮಾಡಿದೆ. ಭಾನುವಾರ ನನ್ನ ರಥವನ್ನು ನಡುವಿನ ಕಾಯಿಯ ಮೇಲಿಂದ ಹಾರಿಸಿ ಹೊಡೆದೆ.

"ರಥ ಹಾರುವುದಿಲ್ಲ ಸರ್," ಎಂದರು ಆಕೆ.

ನಾನು ಬಿಡುತ್ತೇನೆಯೇ? ಪುಟ ತೆರೆದು ತೋರಿಸಿದೆ. ಬರೆದ ಪುಣ್ಯಾತ್ಮ ಚೀನಾದ ನಿಯಮ, ಜಪಾನಿನ ನಿಯಮ, ತನ್ನದೂ ಸ್ವಲ್ಪ, ಎಲ್ಲ ಕಲಸಿಟ್ಟಿದ್ದ. ಆಕೆ ಬಹಳ ಗೌರವದಿಂದ ಇಡೀ ಅಧ್ಯಾಯ ಓದಿ ಹೇಳಿದರು, "ಆಟ ಚೆನ್ನಾಗಿದೆ. ಇದು ಯಾವ ದೇಶದ್ದು?"

ಕಾರ್ಕಳದ ಪುಸ್ತಕ

ಕೊನೆಗೆ ಆಕೆಯೇ ಕನಿಕರಪಟ್ಟು, ಶೋಗಿಯ ತಮ್ಮದೇ ಇಂಗ್ಲಿಷ್ ಪುಸ್ತಕವನ್ನು ಎರಡು ದಿನಕ್ಕೆ ಕೊಟ್ಟರು. ಅದನ್ನು ತೆರೆದೂ ನೋಡದೆ ಕಾರ್ಕಳದ ಗೆಳೆಯನ ಪ್ರೆಸ್ಸಿಗೆ ಒಯ್ದೆ. ಬರೀ ಜೆರಾಕ್ಸ್ ಸಾಕು ಎಂದರೆ ಅವನು ಕೇಳಬೇಕಲ್ಲ. ಮದುವೆ ಕಾಗದ ಮಾಡುವ ಕೈ, ಕಂಪ್ಯೂಟರಿನಲ್ಲಿ ಕೂತು ಎಲ್ಲ ಚಂದ ಮಾಡಿಕೊಟ್ಟ.

"ಚಿತ್ರಗಳಲ್ಲಿ ಅರ್ಧಕ್ಕರ್ಧ ಅಕ್ಷರ ತಲೆಕೆಳಗಿತ್ತು ಮಾರಾಯ. ಒಂದೂ ಬಿಡದೆ ನೆಟ್ಟಗೆ ಮಾಡಿದ್ದೇನೆ."

ಆ ತಲೆಕೆಳಗಿನವೇ ಎದುರಾಳಿಯ ಕಾಯಿಗಳು. ಶೋಗಿಯ ಕಾಯಿ ಎಂದರೆ ಅಕ್ಷರ ಬರೆದ ಬಿಲ್ಲೆ, ಎರಡೂ ಕಡೆಗೆ ಒಂದೇ ಬಣ್ಣ. ಯಾವ ಕಡೆ ಮುಖ ಮಾಡಿದೆ ಎನ್ನುವುದೇ ಗುರುತು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಹೊಸ ಕಾಗದದ ಹೊಳಪಿಗೆ ಬುದ್ಧಿ ಮಂಕಾಯಿತು. ಹದಿನೈದು ದಿನ ಅಭ್ಯಾಸ ಮಾಡಿದೆ, ಒಂದರಲ್ಲೂ ಸೋಲಲಿಲ್ಲ. ಎರಡೂ ಸೈನ್ಯ ನನ್ನದೇ ಆದ ಮೇಲೆ ಸೋಲುವುದು ಹೇಗೆ?

ಆಕೆ ಹೊರಡುವ ಮುಂಚಿನ ಕೊನೆಯ ಭಾನುವಾರ. ಪುಸ್ತಕದಲ್ಲಿ ನೋಡಿದ ಚಿತ್ರವೇ ಹಲಗೆಯ ಮೇಲೆ ಬಂದುಬಿಟ್ಟಿತು. ಕಾಯಿ ಎತ್ತಿ ರಾಜನ ಮುಂದೆ ಕುಟ್ಟಿದೆ.

"ಮುಗಿಯಿತು," ಎಂದೆ.

"ಹೌದು, ಮುಗಿಯಿತು," ಎಂದರು ಆಕೆ. "ಆದರೆ ಆ ಕಾಯಿ ನನ್ನದು. ಬಿದ್ದ ರಾಜ ನಿಮ್ಮವನು."

ನಾಚಿಕೆಯಿಂದ ಸತ್ತೇಹೋದೆ. ಕಾರ್ಕಳದ ಪುಸ್ತಕ ತಂದು ತೋರಿಸಿದೆ. ಪುಟ ತಿರುಗಿಸುತ್ತ ತಿರುಗಿಸುತ್ತ ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಗಂಭೀರವಾಗಿ ಕೇಳಿದರು:

"ಸರ್, ಇದರ ಇನ್ನೊಂದು ಪ್ರತಿ ಸಿಗಬಹುದಾ? ಊರಿನಲ್ಲಿ ನನ್ನ ಅಣ್ಣ ಇದ್ದಾನೆ. ಇಲ್ಲಿಯವರೆಗೆ ಒಂದು ಆಟವನ್ನೂ ಅವನು ನನಗೆ ಬಿಟ್ಟುಕೊಟ್ಟಿಲ್ಲ."